ವಿಬಿಸ್ಕ್ರಿಪ್ಟ್‌ಗೆ ವಿದಾಯ: ಹಳೆಯ ಎಎಸ್‌ಪಿ ನೆಚ್ಚಿಕೊಂಡವರು ಯಾವ ದಿನಾಂಕಕ್ಕೆ ಅಂಜಬೇಕು?

ವಿಬಿಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ವಿಂಡೋಸ್‌ನಿಂದ ತೆಗೆಯಲಾಗುವುದು ಎಂದು ಮೈಕ್ರೋಸಾಫ್ಟ್ ಮೊದಲು ಹೇಳಿದ್ದು 2023ರ ಅಕ್ಟೋಬರ್‌ನಲ್ಲಿ. ಮರುವರ್ಷ ಮೇ ತಿಂಗಳಲ್ಲಿ ಅದಕ್ಕೆ ಮೂರು ಹಂತಗಳ ವೇಳಾಪಟ್ಟಿ ಬಂತು. ಎರಡನೆಯ ಹಂತಕ್ಕೆ ಸೂಚಿಸಿದ 2027 ಹತ್ತಿರವಾದಂತೆ ಆ ಸುದ್ದಿ ಬಾಯಿಂದ ಬಾಯಿಗೆ ದಾಟಿ, "2027ಕ್ಕೆ ಹಳೆಯ ಎಎಸ್‌ಪಿ ತಂತ್ರಾಂಶಗಳೆಲ್ಲ ಬಂದ್" ಎಂಬ ರೂಪ ತಾಳಿದೆ. ಎಎಸ್‌ಪಿ ಎಂದರೆ ವೆಬ್ ಪುಟಗಳ ಮೂಲಕ ಕೆಲಸ ಮಾಡುವ ತಂತ್ರಾಂಶ ಕಟ್ಟಲು ಮೈಕ್ರೋಸಾಫ್ಟ್ ತಂದ ಹಳೆಯ ವಿಧಾನ, ಅದರ ಪುಟಗಳು ಬಹುಪಾಲು ವಿಬಿಸ್ಕ್ರಿಪ್ಟ್‌ನಲ್ಲಿವೆ. ಬೆಳಗಾವಿಯ ಪತ್ತಿನ ಸಹಕಾರಿ ಸಂಘದ ವ್ಯವಸ್ಥಾಪಕರು, ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದವರು, ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗಳು ಇದನ್ನು ಕೇಳಿ ಗಾಬರಿಯಾದರೆ ತಪ್ಪಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಊರಿನ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದು ಬರೆದುಕೊಟ್ಟ ತಂತ್ರಾಂಶವೇ ಇಂದಿಗೂ ತೂಕದ ಚೀಟಿ ಮುದ್ರಿಸುವ, ಠೇವಣಿಗೆ ಬಡ್ಡಿ ಹಚ್ಚುವ ಕಡೆ ಈ ಮಾತು ನೇರವಾಗಿ ಹೊಟ್ಟೆಪಾಡಿಗೆ ತಾಗುತ್ತದೆ.

ಸುದ್ದಿಯಲ್ಲಿ ನಿಜವಿದೆ. ಆದರೆ ಅದು ಹೇಳುವ ದಿನಾಂಕ ಬೇರೆ, ಈ ಸಂಸ್ಥೆಗಳು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ದಿನಾಂಕ ಬೇರೆ. ಡೆವಲಪರ್‌ಗಳು ಈ ತಂತ್ರಜ್ಞಾನದ ಬಗ್ಗೆ ಆಡುವ ಬಿರುಸಿನ ಮಾತುಗಳು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿವೆ.

ಪ್ರಕಟಣೆಯಲ್ಲಿ ಇರುವುದೇನು

ಮೊದಲ ಹಂತ ಈಗಾಗಲೇ ಜಾರಿಯಲ್ಲಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ವಿಬಿಸ್ಕ್ರಿಪ್ಟ್ ವಿಂಡೋಸ್‌ನ ಕಡ್ಡಾಯ ಭಾಗವಾಗಿ ಉಳಿದಿಲ್ಲ. ಬೇಕಾದರೆ ಇಟ್ಟುಕೊಳ್ಳುವ, ಬೇಡವಾದರೆ ತೆಗೆಯುವ ಐಚ್ಛಿಕ ಸೌಲಭ್ಯವಾಗಿದೆ. ಆದರೂ ಅದು ತಾನಾಗಿಯೇ ಚಾಲನೆಯಲ್ಲಿರುವುದರಿಂದ ಬಳಕೆದಾರನಿಗೆ ಯಾವ ವ್ಯತ್ಯಾಸವೂ ಕಾಣದು. 2027ರ ಸುಮಾರಿಗೆ ಬರುವ ಎರಡನೆಯ ಹಂತದಲ್ಲಿ ಅದು ತಾನಾಗಿ ಚಾಲನೆಯಲ್ಲಿರುವುದಿಲ್ಲ, ಬೇಕೆನ್ನುವವರು ಸೆಟ್ಟಿಂಗ್ಸ್‌ಗೆ ಹೋಗಿ ಸೇರಿಸಿಕೊಳ್ಳಬೇಕು. ಮೂರನೆಯ ಹಂತದಲ್ಲಿ ಅದರ ಡಿಎಲ್‌ಎಲ್ ಕಡತಗಳನ್ನೇ (ಯಂತ್ರಕ್ಕಷ್ಟೇ ಅರ್ಥವಾಗುವ ರೂಪದ ಕೋಡ್ ಕಡತಗಳು) ಮುಂದಿನ ವಿಂಡೋಸ್ ಆವೃತ್ತಿಗಳಿಂದ ತೆಗೆಯಲಾಗುತ್ತದೆ. ಈ ಕೊನೆಯ ಹಂತಕ್ಕೆ ಆ ವೇಳಾಪಟ್ಟಿಯಲ್ಲಿ ದಿನಾಂಕವನ್ನೇ ಕೊಟ್ಟಿಲ್ಲ.

ಹಾಗಾದರೆ 2027 ಮುಚ್ಚುವ ವರ್ಷವಲ್ಲ, ಒಂದು ಗುಂಡಿ ತಿರುಗಿಸಬೇಕಾಗಿ ಬರುವ ವರ್ಷ. ಆ ಗುಂಡಿ ಎಲ್ಲಿದೆ ಎಂದು ತಿಳಿಯದ ಕಚೇರಿಗೆ ಎರಡೂ ಒಂದೇ ಎಂಬುದು ಬೇರೆ ಮಾತು.

ಎಎಸ್‌ಪಿಗೂ ವಿಬಿಸ್ಕ್ರಿಪ್ಟ್‌ಗೂ ಇರುವ ನಂಟು ಹೀಗಿದೆ. ಎಎಸ್‌ಪಿ, ಅಂದರೆ ಆ್ಯಕ್ಟಿವ್ ಸರ್ವರ್ ಪೇಜಸ್, ಮೈಕ್ರೋಸಾಫ್ಟ್‌ನ ಐಐಎಸ್ ವೆಬ್ ಸರ್ವರಿನ ಒಂದು ಘಟಕ. ಪುಟವೊಂದನ್ನು ಯಾರಾದರೂ ಕೇಳಿದಾಗ ಅದರಲ್ಲಿ ಅಡಗಿಸಿಟ್ಟ ಕೋಡನ್ನು ಎಎಸ್‌ಪಿ ಆರಿಸುತ್ತದೆ, ಆದರೆ ಓಡಿಸುವ ಕೆಲಸವನ್ನು ತಾನೇ ಮಾಡುವುದಿಲ್ಲ, ವಿಂಡೋಸ್‌ನಲ್ಲಿರುವ ಭಾಷಾ ಎಂಜಿನ್‌ಗೆ ಒಪ್ಪಿಸುತ್ತದೆ. ಆ ಎಂಜಿನ್ ವಿಬಿಸ್ಕ್ರಿಪ್ಟ್ ಆಗಿರಬಹುದು, ಜೆಸ್ಕ್ರಿಪ್ಟ್ ಕೂಡ ಆಗಿರಬಹುದು. ಬಹುಪಾಲು ಜನ ಬರೆದದ್ದು ವಿಬಿಸ್ಕ್ರಿಪ್ಟ್‌ನಲ್ಲಿ, ಏಕೆಂದರೆ ಭಾಷೆ ಯಾವುದೆಂದು ಹೇಳದಿದ್ದರೆ ಎಎಸ್‌ಪಿ ಹಿಡಿಯುವುದು ಅದನ್ನೇ. ಆದ್ದರಿಂದ ಎಎಸ್‌ಪಿಯನ್ನು ಯಾರೂ ಮುಟ್ಟದಿದ್ದರೂ ಎಂಜಿನ್ ಹೋದ ದಿನ ಪುಟ ನಿಲ್ಲುತ್ತದೆ. ಬಂಡಿ ಗಟ್ಟಿಯಿದ್ದರೂ ಎತ್ತಿಲ್ಲದ ಸ್ಥಿತಿ ಅದು.

ಅತ್ತ ಎಎಸ್‌ಪಿ ಕುರಿತು ಮೈಕ್ರೋಸಾಫ್ಟ್‌ನ ಅಧಿಕೃತ ನಿಲುವು ಬಹಳ ಕಾಲದಿಂದ ಒಂದೇ: ಎಎಸ್‌ಪಿ ಮತ್ತು ಐಐಎಸ್‌ಗಳ ಬೆಂಬಲಾವಧಿ ಅವು ಕುಳಿತಿರುವ ವಿಂಡೋಸ್ ಆವೃತ್ತಿಯ ಬೆಂಬಲಾವಧಿಗೆ ಕಟ್ಟಿಕೊಂಡಿರುತ್ತದೆ. ಇಡೀ ಚರ್ಚೆಯ ಕೀಲಿ ಈ ಸಾಲಿನಲ್ಲಿದೆ, ಆದರೆ ಸುದ್ದಿಯಲ್ಲಿ ಇದು ಎಲ್ಲಿಯೂ ಬರುತ್ತಿಲ್ಲ.

ಹೆಸರುಗಳ ಗೋಜಲು

ಅರ್ಧ ಗಾಬರಿ ಹೆಸರುಗಳಿಂದಲೇ ಹುಟ್ಟಿದೆ. ಎಎಸ್‌ಪಿ ಬೇರೆ, ಎಎಸ್‌ಪಿ ಡಾಟ್ ನೆಟ್ ಬೇರೆ. ಎರಡನೆಯದು 2002ರಲ್ಲಿ ಬಂದ ಬೇರೆಯೇ ಕಟ್ಟಡ. ಅದರ ಪುಟಗಳು ವಿಬಿಸ್ಕ್ರಿಪ್ಟ್ ಬಳಸುವುದಿಲ್ಲ, ಈ ಪ್ರಕಟಣೆ ಅವಕ್ಕೆ ತಾಗದು. ಪುಟದ ವಿಳಾಸದ ಕೊನೆಯಲ್ಲಿ ಮೂರಕ್ಷರದ ಎಎಸ್‌ಪಿ ಇದ್ದರೆ ಹಳೆಯದು, ಅದರ ನಂತರ ಎಕ್ಸ್ ಇದ್ದರೆ ಹೊಸದು. ಹಾಗೆಯೇ ಎಕ್ಸೆಲ್ ಮ್ಯಾಕ್ರೊಗಳನ್ನು ಬರೆಯುವ ವಿಬಿಎ, ಡಾಟ್ ನೆಟ್‌ನ ವಿಬಿ ಎರಡೂ ಬೇರೆ ಭಾಷೆಗಳು. ವಿಬಿಸ್ಕ್ರಿಪ್ಟ್‌ನ ನೆರವನ್ನು ಎರವಲು ಪಡೆದ ಕೆಲವು ಮ್ಯಾಕ್ರೊಗಳಿಗೆ ಮಾತ್ರ ತೊಂದರೆ, ಉಳಿದವಕ್ಕಿಲ್ಲ.

ಬೆಳೆದು ನಿಂತ ಕಥೆ

ಎಎಸ್‌ಪಿ 1996ರ ಡಿಸೆಂಬರ್‌ನಲ್ಲಿ ಐಐಎಸ್ 3.0 ಜೊತೆ ಬಂತು. ಅಲ್ಲಿಯವರೆಗೆ ವೆಬ್ ಪುಟದಲ್ಲಿ ಡೇಟಾಬೇಸಿನ ಮಾಹಿತಿ ತೋರಿಸಬೇಕಾದರೆ ಬೇರೆ ಪ್ರೋಗ್ರಾಂ ಬರೆದು ಸರ್ವರಿಗೆ ಜೋಡಿಸುವ ಕಷ್ಟವಿತ್ತು. ಎಎಸ್‌ಪಿಯಲ್ಲಿ ಎಚ್‌ಟಿಎಂಎಲ್ ಪುಟದ ನಡುವೆಯೇ ನಾಲ್ಕು ಸಾಲು ಕೋಡ್ ತೂರಿಸಿ, ಕಡತ ಉಳಿಸಿ, ಬ್ರೌಸರ್ ತೆರೆದರೆ ಕೆಲಸ ಮುಗಿಯುತ್ತಿತ್ತು. ಐದಾರು ವಸ್ತುಗಳ ಹೆಸರು ಗೊತ್ತಿದ್ದರೆ, ರಿಕ್ವೆಸ್ಟ್, ರೆಸ್ಪಾನ್ಸ್, ಸೆಷನ್, ಅಪ್ಲಿಕೇಶನ್, ಸರ್ವರ್, ಒಂದು ಸಂಸ್ಥೆಯ ಲೆಕ್ಕಪತ್ರ ಕಟ್ಟಬಹುದಿತ್ತು. ಕಾಲೇಜಿನಲ್ಲಿ ವಿಷುವಲ್ ಬೇಸಿಕ್ ಕಲಿತವನಿಗೆ ಭಾಷೆಯೂ ಹೊಸದಾಗಿರಲಿಲ್ಲ. ಸಣ್ಣ ಊರುಗಳಲ್ಲಿ ಎಎಸ್‌ಪಿ ಬೇರುಬಿಟ್ಟದ್ದಕ್ಕೆ ಕಾರಣ ಅದರ ಹಿರಿಮೆಗಿಂತ ಈ ಸಲೀಸು.

2000ದಲ್ಲಿ ವಿಂಡೋಸ್ 2000 ಜೊತೆ ಬಂದ 3.0 ಆವೃತ್ತಿಯೇ ಅದರ ಕೊನೆಯ ಮುಖ್ಯ ಆವೃತ್ತಿ. ಎರಡು ವರ್ಷಕ್ಕೆ ಎಎಸ್‌ಪಿ ಡಾಟ್ ನೆಟ್ ಬಂದು ಮೈಕ್ರೋಸಾಫ್ಟ್‌ನ ಗಮನವೆಲ್ಲ ಅತ್ತ ಹೋಯಿತು. ಇದೇ ಪ್ರಾಯದ, ಇದೇ ಕೆಲಸಕ್ಕೆ ಬಳಸುವ ಪಿಎಚ್‌ಪಿ ಎಂಬ ಭಾಷೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ರಾಸ್ಮಸ್ ಲೆರ್ಡಾರ್ಫ್ ಅದನ್ನು 1995ರಲ್ಲಿ ಹೊರತಂದರು, ಅಂದರೆ ಅದು ಎಎಸ್‌ಪಿಗಿಂತ ಒಂದು ವರ್ಷ ಹಿರಿಯದು. ಅದರ ಬಗ್ಗೆಯೂ ಡೆವಲಪರ್‌ಗಳು ಕಡಿಮೆ ಬೈದಿಲ್ಲ. ಆದರೆ 2015ರಲ್ಲಿ ಏಳನೆಯ, 2020ರಲ್ಲಿ ಎಂಟನೆಯ ಆವೃತ್ತಿ ಬಂದು ಅದು ವೇಗವಾಯಿತು, ಕಟ್ಟುನಿಟ್ಟಾಯಿತು. ಎಎಸ್‌ಪಿಯನ್ನು ಹಳೆಯದು ಎನ್ನುವುದಕ್ಕಿಂತ ನಿಂತುಹೋದದ್ದು ಎನ್ನುವುದು ಸರಿ.

ಡೆವಲಪರ್‌ಗಳು ದೂರುವುದೇಕೆ

ದೂರುವವರ ಮೊದಲ ವಾದ ದೋಷ ನಿರ್ವಹಣೆಯದು. ವಿಬಿಸ್ಕ್ರಿಪ್ಟ್‌ನಲ್ಲಿ ದೋಷ ಬಂದರೂ ಮುಂದಿನ ಸಾಲಿಗೆ ಹೋಗು ಎಂದು ಹೇಳುವ ಒಂದು ಆಜ್ಞೆಯಿದೆ. ಗಿರಾಕಿಯ ಎದುರು ಪರದೆಯ ಮೇಲೆ ದೋಷದ ಸಾಲು ಕಾಣಬಾರದೆಂದು ಅನೇಕರು ಅದನ್ನು ಪುಟದ ನೆತ್ತಿಯಲ್ಲೇ ಬರೆದುಬಿಡುತ್ತಿದ್ದರು. ಇದರ ಪರಿಣಾಮ ಊಹಿಸಿ: ಸದಸ್ಯನೊಬ್ಬ ಹಣ ಕಟ್ಟುತ್ತಾನೆ, ಕಿರ್ದಿಯಲ್ಲಿ ಜಮಾ ಬರೆಯುವ ಸಾಲು ಯಾವುದೋ ಕಾರಣಕ್ಕೆ ವಿಫಲವಾಗುತ್ತದೆ, ಪ್ರೋಗ್ರಾಂ ಅದನ್ನು ನುಂಗಿಕೊಂಡು ಮುಂದಿನ ಸಾಲಿಗೆ ಹೋಗಿ ರಸೀದಿ ಮುದ್ರಿಸುತ್ತದೆ. ಸದಸ್ಯನ ಕೈಯಲ್ಲಿ ರಸೀದಿ ಇದೆ, ಖಾತೆಯಲ್ಲಿ ಹಣವಿಲ್ಲ. ತಪ್ಪು ಹೊರಬೀಳುವುದು ತೇರೀಜು ತಾಳೆಯಾಗದ ದಿನ.

ಎರಡನೆಯದು ಸುರಕ್ಷತೆ. ಬಳಕೆದಾರ ಟೈಪ್ ಮಾಡಿದ್ದನ್ನು ಹಾಗೆಯೇ ಎಸ್‌ಕ್ಯೂಎಲ್ ವಾಕ್ಯಕ್ಕೆ, ಅಂದರೆ ಡೇಟಾಬೇಸಿಗೆ ಕೊಡುವ ಆಜ್ಞೆಗೆ, ಅಂಟಿಸುವ ಅಭ್ಯಾಸ ಎಎಸ್‌ಪಿ ಕಾಲದ ಕೋಡಿನಲ್ಲಿ ತುಂಬಿತ್ತು. 2008ರಲ್ಲಿ ಸ್ವಯಂಚಾಲಿತ ದಾಳಿಗಳು ಇದೇ ಬಾಗಿಲಿನಿಂದ ನುಗ್ಗಿ ಜಗತ್ತಿನಾದ್ಯಂತ ಲಕ್ಷಾಂತರ ಪುಟಗಳಲ್ಲಿ ದುಷ್ಟ ಕೋಡ್ ಸೇರಿಸಿದವು. ಆಗ ಮೈಕ್ರೋಸಾಫ್ಟ್, ಇದು ಐಐಎಸ್‌ನ ದೋಷವಲ್ಲ, ಬಳಕೆದಾರನ ಮಾಹಿತಿಯನ್ನು ಪರಿಶೀಲಿಸದ ಕೋಡಿನ ದೋಷ ಎಂದು ಎಚ್ಚರಿಕೆ ಹೊರಡಿಸಿತು. ತಾಂತ್ರಿಕವಾಗಿ ಅದು ಸರಿ, ಏಕೆಂದರೆ ಮೌಲ್ಯಗಳನ್ನು ಬೇರೆಯಾಗಿ ಕಳುಹಿಸುವ ಸುರಕ್ಷಿತ ವಿಧಾನ ಎಎಸ್‌ಪಿಯಲ್ಲೂ ಇತ್ತು. ಆದರೆ ತಪ್ಪು ದಾರಿ ಎರಡು ಸಾಲು, ಸರಿ ದಾರಿ ಎಂಟು ಸಾಲು ಇದ್ದಾಗ ಗಡುವಿನ ಒತ್ತಡದಲ್ಲಿರುವವನು ಯಾವುದನ್ನು ಹಿಡಿಯುತ್ತಾನೆ ಎಂಬುದನ್ನು ಹೇಳಬೇಕಿಲ್ಲ. ಈ ಪಾಪದಲ್ಲಿ ಭಾಷೆಗೂ ಪಾಲಿದೆ ಎಂಬ ಟೀಕಾಕಾರರ ಮಾತನ್ನು ಒಪ್ಪಬೇಕಾಗುತ್ತದೆ.

ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಿರುವ ಬೆಳಗಾವಿಯಲ್ಲೇ ಓದಿದರೂ, ಇಂದು ಹೊರಬರುವ ಎಂಜಿನಿಯರ್ ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್ ಕಲಿತು ಬರುತ್ತಾನೆ. ಎರಡು ವರ್ಷ ಎಎಸ್‌ಪಿ ನೋಡಿಕೊಂಡಿದ್ದೆ ಎಂದು ಬಯೋಡೇಟಾದಲ್ಲಿ ಬರೆದರೆ ಪುಣೆಯಲ್ಲೋ ಬೆಂಗಳೂರಿನಲ್ಲೋ ಅದಕ್ಕೆ ಬೆಲೆಯಿಲ್ಲ. 2018ರಲ್ಲಿ ಸ್ಟ್ಯಾಕ್ ಓವರ್‌ಫ್ಲೋ ನಡೆಸಿದ ಸಮೀಕ್ಷೆಯಲ್ಲಿ, ಬಳಸುತ್ತಿರುವವರೇ ಮುಂದೆ ಬೇಡವೆಂದ ಭಾಷೆಗಳ ಪಟ್ಟಿಯ ತುದಿಯಲ್ಲಿದ್ದದ್ದು ಇದೇ ಮನೆತನದ ವಿಷುವಲ್ ಬೇಸಿಕ್ 6. ತಿರಸ್ಕಾರದಲ್ಲಿ ತಾಂತ್ರಿಕ ತೀರ್ಪು ಎಷ್ಟಿದೆಯೋ ಉದ್ಯೋಗದ ಚಿಂತೆಯೂ ಅಷ್ಟೇ ಇದೆ, ಆದ್ದರಿಂದ ಸಂಸ್ಥೆಯೊಂದು ಸಲಹೆ ಕೇಳುವಾಗ ಇವೆರಡನ್ನೂ ಬೇರ್ಪಡಿಸಿ ಕೇಳುವುದು ಒಳ್ಳೆಯದು.

ಇರಲಿ ಬಿಡಿ ಎನ್ನುವವರ ವಾದ

ಸಮರ್ಥಕರು ಹೇಳುವುದು ಸರಳ. ಇಪ್ಪತ್ತು ವರ್ಷ ಓಡಿದ ತಂತ್ರಾಂಶ ಇಪ್ಪತ್ತು ಹಂಗಾಮುಗಳ ಪರೀಕ್ಷೆ ಪಾಸಾಗಿದೆ. ಕಬ್ಬಿನ ತೂಕದಿಂದ ಕಟಾವು, ಸಾಗಾಣಿಕೆಯ ಮುಂಗಡ ಕಳೆದು ರೈತನ ಬಿಲ್ಲು ಹೇಗೆ ಲೆಕ್ಕ ಹಾಕಬೇಕು ಎಂಬ ನಿಯಮಗಳು, ಅವುಗಳಿಗೆ ಆಗಾಗ ಸೇರಿದ ಅಪವಾದಗಳು, ಬೇರೆ ಯಾವ ಕಾಗದದಲ್ಲೂ ಇಲ್ಲದೆ ಆ ಕೋಡಿನಲ್ಲೇ ಇರುತ್ತವೆ.

ಅವರ ಇನ್ನೊಂದು ವಾದ ಇನ್ನೂ ಮೊನಚಾದದ್ದು. ಎಎಸ್‌ಪಿ ಬಿಟ್ಟು ಹೊಸದಕ್ಕೆ ಹೋದವರೆಲ್ಲ ನೆಮ್ಮದಿಯಾಗಿದ್ದಾರೆಯೇ? ವೆಬ್ ಪುಟಗಳನ್ನು ಕಟ್ಟಲು ಬಳಸುತ್ತಿದ್ದ ಸಾಧನಗಳ ಗತಿ ನೋಡಿ: ಫ್ಲ್ಯಾಶ್ 2020ರ ಕೊನೆಗೆ ಮುಗಿಯಿತು. ಮೈಕ್ರೋಸಾಫ್ಟ್ ತಾನೇ ಹೊಗಳಿ ತಂದ ಸಿಲ್ವರ್‌ಲೈಟ್ 2021ರ ಅಕ್ಟೋಬರ್‌ನಲ್ಲಿ, ಆ್ಯಂಗುಲರ್‌ಜೆಎಸ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಂಬಲ ಕಳೆದುಕೊಂಡವು. ಎಎಸ್‌ಪಿ ಡಾಟ್ ನೆಟ್‌ನ ವೆಬ್ ಫಾರ್ಮ್ಸ್ ಎಂಬ ಪುಟ ಕಟ್ಟುವ ವಿಧಾನ, ಅದರ ಮುಂದಿನ ರೂಪವಾದ ಹೊಸ ಡಾಟ್ ನೆಟ್ ಕೋರ್‌ಗೆ ಬರಲೇ ಇಲ್ಲ. ಅಂದರೆ ಆಧುನಿಕತೆಯ ಹೆಸರಿನಲ್ಲಿ ಹಣ ಸುರಿದವರು ಎರಡೆರಡು ಬಾರಿ ಮರುಬರೆಯಬೇಕಾಯಿತು, ಏನೂ ಮಾಡದೆ ಕುಳಿತವರ ಎಎಸ್‌ಪಿ ಮಾತ್ರ ಓಡುತ್ತಲೇ ಇತ್ತು.

ಮೂರನೆಯ ದಾರಿ ಹಿಡಿದವರೂ ಇದ್ದಾರೆ. ನ್ಯೂಯಾರ್ಕ್‌ನ ಫಾಗ್ ಕ್ರೀಕ್ ಕಂಪನಿಯ ಫಾಗ್‌ಬಗ್ಝ್ ತಂತ್ರಾಂಶ ಎಎಸ್‌ಪಿಯಲ್ಲಿತ್ತು, ಆದರೆ ಗಿರಾಕಿಗಳಿಗೆ ಲಿನಕ್ಸ್‌ನಲ್ಲೂ ಬೇಕಿತ್ತು. ಅವರು ಮರುಬರೆಯುವ ಬದಲು ಎಎಸ್‌ಪಿ ಕೋಡನ್ನು ಪಿಎಚ್‌ಪಿಗೆ ತಿರುಗಿಸುವ ಅನುವಾದಕವನ್ನೇ ಬರೆದರು. ಮುಂದೆ ಅದು ವಸಾಬಿ ಎಂಬ ಸ್ವಂತ ಭಾಷೆಯಾಗಿ ಬೆಳೆಯಿತು. ಜಾಣತನ ಹೌದು. ಆದರೆ ಕಂಪನಿಯ ಹೊರಗೆ ಯಾರಿಗೂ ಬಾರದ ಭಾಷೆಯೊಂದನ್ನು ಸಾಕುವ ಹೊಣೆ ಕೊನೆಗೆ ಅವರಿಗೂ ಭಾರವೇ ಆಯಿತು.

ಸಮರ್ಥಕರ ವಾದದ ದುರ್ಬಲ ಜಾಗ ಎಂದರೆ, ಅವರು ಎಎಸ್‌ಪಿಯ ಸ್ಥಿರತೆಯನ್ನು ಹೊಗಳುವಾಗ ಅದರ ಕೆಳಗಿರುವ ನೆಲವನ್ನು ನೋಡುವುದಿಲ್ಲ.

ನಿಜವಾದ ಗಡುವು ಕೆಳಗಿನ ವಿಂಡೋಸ್‌ನದು

ವಿಂಡೋಸ್ ಸರ್ವರ್ 2012 ಆರ್2 ಆವೃತ್ತಿಯ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. ಹಣ ಕೊಟ್ಟು ಪಡೆಯುವ ಹೆಚ್ಚುವರಿ ಸುರಕ್ಷತಾ ತೇಪೆಗಳೂ 2026ರ ಅಕ್ಟೋಬರ್‌ಗೆ ಕೊನೆ. ಸರ್ವರ್ 2016ರ ಬೆಂಬಲ 2027ರ ಜನವರಿ 12ಕ್ಕೆ, 2019ರದು 2029ರ ಜನವರಿಗೆ, 2022ರದು 2031ರ ಅಕ್ಟೋಬರ್‌ಗೆ, 2025ರದು 2034ಕ್ಕೆ ಮುಗಿಯುತ್ತದೆ. ಹೊಸ ಸರ್ವರ್ ವಿಂಡೋಸ್ ಮೇಲೆ ನಿಲ್ಲಿಸಿದ ಎಎಸ್‌ಪಿಗೆ ಹಾಗಾದರೆ ಇನ್ನೂ ಹಲವು ವರ್ಷಗಳ ಆಯುಷ್ಯವಿದೆ. 2012 ಆರ್2 ಅಥವಾ ಅದಕ್ಕೂ ಹಳೆಯದರ ಮೇಲಿರುವ ಎಎಸ್‌ಪಿಯ ಗಡುವು ಮಾತ್ರ ಯಾರೂ ಗಮನಿಸದೆ ದಾಟಿ ಹೋಗಿದೆ. 2027ರ ಸುದ್ದಿಗೆ ಬೆಚ್ಚಿಬೀಳುವ ಸಂಸ್ಥೆ ಆ ಹಳೆಯ ಸರ್ವರ್ ಮೇಲೆಯೇ ಕುಳಿತಿದ್ದರೆ, ಬೆಂಕಿ ಬಿದ್ದ ಮನೆಯಲ್ಲಿ ಕುಳಿತು ಮಳೆಗಾಲದ ಸೋರಿಕೆಯ ಚಿಂತೆ ಮಾಡಿದಂತಾಗುತ್ತದೆ.

ಸಣ್ಣ ಊರುಗಳಲ್ಲಿ ಇನ್ನೊಂದು ತೊಡಕಿದೆ. ಸರ್ವರ್ ಎಂದು ಕರೆಯುವ ಪೆಟ್ಟಿಗೆ ಅಸಲಿಗೆ ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರ್ ಆಗಿರುವುದುಂಟು. ಅದರಲ್ಲಿರುವುದು ಸರ್ವರ್ ವಿಂಡೋಸ್ ಅಲ್ಲ, ವಿಂಡೋಸ್ 7 ಅಥವಾ 10. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಥ ಕಡೆ ಹಳೆಯ ಪೆಟ್ಟಿಗೆ ಕೆಟ್ಟ ದಿನ ಅಂಗಡಿಯಿಂದ ಹೊಸ ಕಂಪ್ಯೂಟರ್ ಬರುತ್ತದೆ. ಅದರಲ್ಲಿ ಆ ಹೊತ್ತಿನ ಹೊಸ ವಿಂಡೋಸ್ ಇರುತ್ತದೆ. 2027ರ ನಂತರ ಅದರಲ್ಲಿ ವಿಬಿಸ್ಕ್ರಿಪ್ಟ್ ತಾನಾಗಿ ಚಾಲನೆಯಲ್ಲಿರುವುದಿಲ್ಲ. ಮೂರು ಹಂತಗಳ ವೇಳಾಪಟ್ಟಿ ಸರ್ವರಿಗಿಂತ ಮೊದಲು ಕಡಿಯುವುದು ಈ ಮೇಜಿನ ಕಂಪ್ಯೂಟರುಗಳನ್ನೇ.

ಹಳೆಯ ವಿಂಡೋಸ್ ಹಾಗೆಯೇ ಇಟ್ಟುಕೊಂಡರೆ ಆಗುವುದೇನು? ಒಂದೇ ದಿನ ಎಲ್ಲ ನಿಲ್ಲುವುದಿಲ್ಲ, ಒಂದೊಂದೇ ಕೈ ಬಿಡುತ್ತ ಹೋಗುತ್ತದೆ. 2020ರಲ್ಲಿ ಮುಖ್ಯ ಬ್ರೌಸರುಗಳು ಟಿಎಲ್‌ಎಸ್ 1.0 ಮತ್ತು 1.1 ಎಂಬ ಹಳೆಯ ಗೂಢಲಿಪಿ ವಿಧಾನಗಳನ್ನು ಕೈಬಿಟ್ಟವು. ಎಸ್‌ಎಂಎಸ್ ಕಳುಹಿಸುವ, ಹಣ ಪಾವತಿಸುವ ಸೇವೆಗಳೂ 1.2 ಅಥವಾ ಅದಕ್ಕೂ ಹೊಸದನ್ನೇ ಕೇಳುತ್ತವೆ. ಎಎಸ್‌ಪಿ ಪುಟ ಹೊರಗಿನ ಸೇವೆಯೊಂದಿಗೆ ಮಾತಾಡುವಾಗ ಬಳಸುವುದು ವಿಂಡೋಸ್‌ನ ಸೌಲಭ್ಯವನ್ನೇ. ಹೀಗಾಗಿ ಒಂದು ಬೆಳಿಗ್ಗೆ ರೈತರಿಗೆ ತೂಕದ ಎಸ್‌ಎಂಎಸ್ ಹೋಗುವುದು ನಿಂತರೆ ಎಲ್ಲರೂ ಬೈಯುವುದು ಎಎಸ್‌ಪಿಯನ್ನು, ಆದರೆ ತಪ್ಪಿದ್ದು ಅದರ ಕೆಳಗಿನ ಹಳೆಯ ವಿಂಡೋಸ್‌ನಲ್ಲಿ.

ಅಂದಹಾಗೆ, ಮೈಕ್ರೋಸಾಫ್ಟ್ ವಿಬಿಸ್ಕ್ರಿಪ್ಟ್ ತೆಗೆಯುತ್ತಿರುವುದಕ್ಕೆ ಕಾರಣ ಎಎಸ್‌ಪಿ ಅಲ್ಲವೇ ಅಲ್ಲ. 2000ದ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ ಐ ಲವ್ ಯೂ ಎಂಬ ಕಂಪ್ಯೂಟರ್ ಹುಳು (ತಾನಾಗಿ ಹರಡುವ ದುಷ್ಟ ತಂತ್ರಾಂಶ) ಇಮೇಲ್‌ಗೆ ಅಂಟಿಕೊಂಡು ಬಂದ ವಿಬಿಸ್ಕ್ರಿಪ್ಟ್ ಕಡತವಾಗಿತ್ತು. ಆಮೇಲೂ ಬಳಕೆದಾರರ ಕಂಪ್ಯೂಟರಿಗೆ ನುಗ್ಗಲು ದುಷ್ಕರ್ಮಿಗಳು ಅದೇ ದಾರಿ ಹಿಡಿದರು. 2019ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಅದನ್ನು ಮುಚ್ಚಿದ್ದೂ ಇದಕ್ಕಾಗಿಯೇ. ಮನೆಗಳ ಕಳ್ಳಗಿಂಡಿ ಮುಚ್ಚುವ ಕೆಲಸದಲ್ಲಿ ಸರ್ವರಿನ ಹೆಬ್ಬಾಗಿಲೂ ಸೇರಿಕೊಂಡಿದೆ.

ಸ್ಥಳಾಂತರದಲ್ಲಿ ಕೈಕೊಡುವ ಸಣ್ಣ ಸಂಗತಿಗಳು

ಬದಲಿಸಲು ನಿರ್ಧರಿಸಿದವರಿಗೆ ಕೋಡಿನ ಅನುವಾದ ಇಂದು ದೊಡ್ಡ ಸಮಸ್ಯೆಯಲ್ಲ. ಕೃತಕ ಬುದ್ಧಿಮತ್ತೆಯ ಸಾಧನಗಳು ವಿಬಿಸ್ಕ್ರಿಪ್ಟ್ ಸಾಲುಗಳನ್ನು ಪಿಎಚ್‌ಪಿಗೋ ಡಾಟ್ ನೆಟ್‌ನ ಭಾಷೆಯಾದ ಸಿ ಶಾರ್ಪ್‌ಗೋ ತಿರುಗಿಸಿಕೊಡುತ್ತವೆ. ತೊಂದರೆ ಇರುವುದು ಅನುವಾದದ ನಂತರವೂ ಸರಿಯಾಗಿಯೇ ಕಾಣುವ, ಆದರೆ ಬೇರೆ ಉತ್ತರ ಕೊಡುವ ಜಾಗಗಳಲ್ಲಿ.

ರೂಪಾಯಿಗೆ ಸರಿಮಾಡುವ ಲೆಕ್ಕವನ್ನೇ ತೆಗೆದುಕೊಳ್ಳಿ. ವಿಬಿಸ್ಕ್ರಿಪ್ಟ್‌ನ ರೌಂಡ್ ಆಜ್ಞೆ ಸರಿಯಾಗಿ ಐವತ್ತು ಪೈಸೆ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಬಡ್ಡಿ 1,250.50 ರೂಪಾಯಿ ಇದ್ದರೆ 1,250 ಆಗುತ್ತದೆ, 1,251.50 ಇದ್ದರೆ 1,252 ಆಗುತ್ತದೆ. ಪಿಎಚ್‌ಪಿಯಲ್ಲಿ ಅದೇ ಹೆಸರಿನ ಆಜ್ಞೆ ಎರಡನ್ನೂ ಮೇಲಕ್ಕೇ ಒಯ್ದು 1,251 ಮತ್ತು 1,252 ಎನ್ನುತ್ತದೆ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್ ಕೂಡ ಹಾಗೆಯೇ. ಸಿ ಶಾರ್ಪ್ ಮಾತ್ರ ಏನೂ ಹೇಳದಿದ್ದರೆ ವಿಬಿಸ್ಕ್ರಿಪ್ಟ್‌ನ ದಾರಿಯನ್ನೇ ಹಿಡಿಯುತ್ತದೆ. ಒಂದು ಖಾತೆಗೆ ಒಂದು ರೂಪಾಯಿ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಸಾವಿರಾರು ಖಾತೆಗಳಿಗೆ ಮಾರ್ಚ್ 31ರಂದು ಬಡ್ಡಿ ಹಚ್ಚಿದಾಗ ಹಿಂದಿನ ವರ್ಷದ ಪದ್ಧತಿಗೂ ಈ ವರ್ಷದ್ದಕ್ಕೂ ತಾಳೆಯಾಗುವುದಿಲ್ಲ, ಲೆಕ್ಕಪರಿಶೋಧಕರು ಕೇಳುವ ಪ್ರಶ್ನೆಗೆ ಗುಮಾಸ್ತನ ಬಳಿ ಉತ್ತರವಿರುವುದಿಲ್ಲ.

ದಿನಾಂಕ ಇನ್ನೂ ಕುಟಿಲ. ವಿಬಿಸ್ಕ್ರಿಪ್ಟ್ ದಿನಾಂಕವನ್ನು ಓದುವುದು ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ನೋಡಿ. ಭಾರತದ ಸೆಟ್ಟಿಂಗ್ ಇದ್ದಾಗ 05/11 ಎಂದರೆ ನವೆಂಬರ್ 5. ಬಾಡಿಗೆಯ ಕ್ಲೌಡ್ ಸರ್ವರ್ ಅಮೆರಿಕದ ಸೆಟ್ಟಿಂಗ್‌ನಲ್ಲಿ ಬಂದರೆ ಅದೇ ಕೋಡ್ ಅದನ್ನು ಮೇ 11 ಎಂದು ಓದುತ್ತದೆ. ಪರೀಕ್ಷಿಸುವವನು 25/11 ಎಂದು ಹಾಕಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಇಪ್ಪತ್ತೈದನೆಯ ತಿಂಗಳಿಲ್ಲವೆಂದು ವಿಬಿಸ್ಕ್ರಿಪ್ಟ್ ತಾನೇ ಅದನ್ನು ತಿರುಗಿಸಿ ಓದಿಕೊಳ್ಳುತ್ತದೆ. ಹೀಗಾಗಿ ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳಷ್ಟೇ ತಪ್ಪುತ್ತವೆ, ಉಳಿದವು ಸರಿಯಿರುತ್ತವೆ. ಪುಟದ ಆರಂಭದಲ್ಲಿ ಸೆಷನ್‌ನ ಪ್ರದೇಶ ಸಂಖ್ಯೆಯನ್ನು ಭಾರತದ ಇಂಗ್ಲಿಷ್‌ಗೆ ಸಲ್ಲುವ 16393 ಎಂದು ಬರೆದರೆ ಇದು ನಿಲ್ಲುತ್ತದೆ. ಒಂದು ಸಾಲಿನ ಕೆಲಸ, ಆದರೆ ಬೇಕೆಂದು ಗೊತ್ತಿರಬೇಕು.

ನಮ್ಮ ಭಾಗಕ್ಕೇ ವಿಶೇಷವಾದ ತೊಡಕೆಂದರೆ ಅಕ್ಷರ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಡೇಟಾಬೇಸುಗಳಲ್ಲಿ ಸದಸ್ಯರ ಹೆಸರು, ಊರು, ಹೊಲದ ವಿವರಗಳನ್ನು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ತುಂಬಿದ್ದುಂಟು. ಬೆಳಗಾವಿಯಲ್ಲಿ ಮರಾಠಿ ಹೆಸರುಗಳು ಇನ್ನೊಂದು ಫಾಂಟಿನಲ್ಲಿ ಅದೇ ಕೋಷ್ಟಕದಲ್ಲಿರಬಹುದು. ಇವು ಫಾಂಟ್ ಇದ್ದಾಗ ಮಾತ್ರ ಓದಲು ಬರುತ್ತವೆ. ಡೇಟಾಬೇಸಿನೊಳಗೆ ಇರುವುದು ರೋಮನ್ ಅಕ್ಷರಗಳ ಗೋಜಲು. ಆ ಫಾಂಟುಗಳಲ್ಲಿ ಕನ್ನಡವನ್ನು ಉಚ್ಚಾರದ ಕ್ರಮದಲ್ಲಿ ಇಡುವುದಿಲ್ಲ, ಕಣ್ಣಿಗೆ ಕಾಣುವ ತುಣುಕುಗಳ ಕ್ರಮದಲ್ಲಿ ಇಡುತ್ತಾರೆ. ಯೂನಿಕೋಡ್‌ನಲ್ಲಿ ಅರ್ಕಾವತ್ತಿನ ರಕಾರ ಮೊದಲು ಬರಬೇಕು, ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕುಳಿತಿರುತ್ತದೆ. ಅಜಾಗರೂಕ ಪರಿವರ್ತನೆಯಲ್ಲಿ ಕರ್ನಾಟಕ ಹೋಗಿ "ಕನರ್ಾಟಕ" ಆಗುವುದನ್ನು ಓದುಗರು ಎಷ್ಟೋ ಕಡೆ ಕಂಡಿರುತ್ತಾರೆ. ಕುಲಕರ್ಣಿ, ಧರ್ಮಣ್ಣ, ಪಾರ್ವತಿ ಎಂಬ ಹೆಸರಿನವರೆಲ್ಲರ ಖಾತೆಗಳಿಗೂ ಇದೇ ಗತಿ ಬಂದರೆ, ಬ್ಯಾಂಕಿನ ದಾಖಲೆಯ ಹೆಸರಿಗೂ ಸಂಘದ ದಾಖಲೆಯ ಹೆಸರಿಗೂ ಹೊಂದದೆ ಹಣ ಜಮಾ ಆಗುವುದೇ ನಿಲ್ಲಬಹುದು. ಕನ್ನಡ ಮತ್ತು ಮರಾಠಿ ಹೆಸರುಗಳನ್ನು ಮೊದಲು ಬೇರ್ಪಡಿಸಿ, ಆಮೇಲೆ ಪರಿವರ್ತಿಸಿ, ಕೊನೆಗೆ ಊರಿನ ಹೆಸರುಗಳನ್ನು ಬಲ್ಲ ಒಬ್ಬರು ಕಣ್ಣಾರೆ ಓದುವುದನ್ನು ಬಿಟ್ಟು ಬೇರೆ ದಾರಿಯಿಲ್ಲ.

ಡೇಟಾ ಇನ್ನೂ ಮೈಕ್ರೋಸಾಫ್ಟ್ ಆ್ಯಕ್ಸೆಸ್ ಡೇಟಾಬೇಸಿನ ಹಳೆಯ ಎಂಡಿಬಿ ಕಡತದಲ್ಲಿದ್ದರೆ, ಅದನ್ನು ಓದುವ ಜೆಟ್ ಚಾಲಕ 32 ಬಿಟ್‌ನದು ಮಾತ್ರ. ಹೊಸ ಸರ್ವರಿನಲ್ಲಿ ಐಐಎಸ್‌ಗೆ 32 ಬಿಟ್ ಅನುಮತಿ ಕೊಡದೆ ಅದು ತೆರೆಯದು.

ಒಮ್ಮೆಗೇ ಕೆಡವುವುದೋ, ಕೋಣೆ ಕೋಣೆಯಾಗಿ ಕಟ್ಟುವುದೋ

ಪೂರ್ತಿ ಮರುಬರೆಯಬೇಕೆನ್ನುವವರು ಸ್ವಚ್ಛ ಕೋಡಿನ ಆಸೆ ತೋರಿಸುತ್ತಾರೆ. ಅದರ ಅಪಾಯಕ್ಕೆ ನೆಟ್‌ಸ್ಕೇಪ್ ಬ್ರೌಸರಿನ ಉದಾಹರಣೆ ಸಾಕು: 1997ರಲ್ಲಿ ನಾಲ್ಕನೆಯ ಆವೃತ್ತಿ ತಂದ ಕಂಪನಿ ಎಲ್ಲವನ್ನೂ ಹೊಸದಾಗಿ ಬರೆಯಲು ಹೊರಟಿತು, ಐದನೆಯದು ಬರಲೇ ಇಲ್ಲ, 2000ದ ಕೊನೆಗೆ ಆರನೆಯದು ಬರುವ ಹೊತ್ತಿಗೆ ಮಾರುಕಟ್ಟೆ ಕೈಬಿಟ್ಟಿತ್ತು.

ಇದಕ್ಕೆ ಬದಲಾಗಿ ಹಂತ ಹಂತದ ದಾರಿ ಹೇಗಿರುತ್ತದೆ ಎಂಬುದನ್ನು ಬಾಗಲಕೋಟೆಯವರಿಗೆ ವಿವರಿಸುವ ಅಗತ್ಯವಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಡಬೇಕಾದಾಗ ನವನಗರ ಒಂದೇ ರಾತ್ರಿಯಲ್ಲಿ ಎದ್ದು ನಿಲ್ಲಲಿಲ್ಲ. ಸೆಕ್ಟರ್‌ಗಳು ಒಂದೊಂದಾಗಿ ಬಂದವು, ಕಚೇರಿಗಳು ಅತ್ತ ಹೋದರೂ ವ್ಯಾಪಾರ ಹಳೆ ಊರಿನಲ್ಲೇ ನಡೆದಿತ್ತು, ಜನ ಎರಡರ ನಡುವೆ ಓಡಾಡುತ್ತಿದ್ದರು. ಐಐಎಸ್ ಇಂಥ ಎರಡೂರಿನ ಬಾಳಿಗೆ ಅನುಕೂಲ ಮಾಡಿಕೊಡುತ್ತದೆ, ಏಕೆಂದರೆ ಪುಟದ ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿ ಅದು ಯಾವ ಎಂಜಿನ್‌ಗೆ ಕೊಡಬೇಕೆಂದು ನಿರ್ಧರಿಸುತ್ತದೆ. ಒಂದೇ ತಾಣದಲ್ಲಿ ಹಳೆಯ ಎಎಸ್‌ಪಿ ಪುಟವೂ ಹೊಸ ಪಿಎಚ್‌ಪಿ ಅಥವಾ ಡಾಟ್ ನೆಟ್ ಪುಟವೂ ಒಟ್ಟಿಗಿರಬಹುದು. ಮೊದಲು ವರದಿಗಳನ್ನು, ಅಂದರೆ ಓದುವುದಕ್ಕಷ್ಟೇ ಇರುವ ಪುಟಗಳನ್ನು ಹೊಸದಕ್ಕೆ ಒಯ್ದು, ಹಣ ಮುಟ್ಟುವ ಪುಟಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಜಾಣತನ.

ಇಲ್ಲಿ ಒಂದು ಗೋಡೆ ಎದುರಾಗುತ್ತದೆ. ಎಎಸ್‌ಪಿಯ ಸೆಷನ್, ಅಂದರೆ ಲಾಗಿನ್ ಆದ ಬಳಕೆದಾರನ ಬಗ್ಗೆ ಇಟ್ಟುಕೊಳ್ಳುವ ಮಾಹಿತಿ, ಅದೇ ಸರ್ವರಿನ ನೆನಪಿನಲ್ಲಿರುತ್ತದೆ, ಹೊಸ ಎಂಜಿನ್‌ಗೆ ಅದು ಕಾಣುವುದಿಲ್ಲ. ಹಳೆಯ ಪುಟದಲ್ಲಿ ಲಾಗಿನ್ ಆದ ಗುಮಾಸ್ತ ಹೊಸ ಪುಟಕ್ಕೆ ಹೋದರೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಲಾಗಿನ್ ಗುರುತನ್ನು ಡೇಟಾಬೇಸಿನಲ್ಲಿಟ್ಟು ಎರಡೂ ಕಡೆ ಅಲ್ಲಿಂದಲೇ ಓದಿಸಿದರೆ ಇದು ಬಗೆಹರಿಯುತ್ತದೆ. ಈ ಕೆಲಸವನ್ನು ಮೊದಲೇ ಮಾಡದವರು ಸಿಬ್ಬಂದಿಯ ಸಿಟ್ಟಿಗೆ ಗುರಿಯಾಗಿ ಯೋಜನೆಯನ್ನೇ ಅರ್ಧಕ್ಕೆ ಬಿಡುತ್ತಾರೆ.

ಹೊತ್ತಿನ ಆಯ್ಕೆಯೂ ಮುಖ್ಯ. ಸಕ್ಕರೆ ಕಾರ್ಖಾನೆಗೆ ಕಬ್ಬು ನುರಿಸುವ ಹಂಗಾಮಿನಲ್ಲಿ, ಸಹಕಾರಿ ಸಂಘಕ್ಕೆ ಮಾರ್ಚ್ ಕೊನೆಯಲ್ಲಿ ಮತ್ತು ಮಹಾಸಭೆಗೆ ಲೆಕ್ಕ ಸಿದ್ಧವಾಗುವ ತಿಂಗಳುಗಳಲ್ಲಿ ಹೊಸ ತಂತ್ರಾಂಶ ಹಚ್ಚುವುದು ಅನಾಹುತಕ್ಕೆ ಆಹ್ವಾನ. ಹಂಗಾಮು ಮುಗಿದ ಮೇಲೆ ಹಿಂದಿನ ವರ್ಷದ ಎಲ್ಲ ಬಿಲ್ಲುಗಳನ್ನು ಹೊಸ ಕೋಡಿನಲ್ಲಿ ಮತ್ತೆ ಲೆಕ್ಕ ಹಾಕಿಸಿ, ಹಳೆಯದಕ್ಕೂ ಹೊಸದಕ್ಕೂ ಪೈಸೆಯವರೆಗೆ ತಾಳೆ ನೋಡಬೇಕು. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಹೊಸ ಕೋಡಿನ ತಪ್ಪಿರುತ್ತದೆ, ಇಲ್ಲವೇ ಯಾರಿಗೂ ನೆನಪಿಲ್ಲದ ಹಳೆಯ ನಿಯಮವಿರುತ್ತದೆ.

ಕಾನೂನು ಮತ್ತು ಕೈಗಳು

ಏನೂ ಮಾಡದಿರುವ ಆಯ್ಕೆಗೆ ಈಗ ಕಾನೂನಿನ ಬೆಲೆಯೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಜನರ ಮಾಹಿತಿ ಇಟ್ಟುಕೊಂಡವರು ಅದಕ್ಕೆ ತಕ್ಕ ಸುರಕ್ಷತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು (ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿದೆ). ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್‌ನ ನಿರ್ದೇಶನದಂತೆ ಸೈಬರ್ ದಾಳಿ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ದಾಖಲೆ ಇಟ್ಟುಕೊಂಡಿರಬೇಕು. ಬೆಂಬಲ ಮುಗಿದ ವಿಂಡೋಸ್ ಮೇಲೆ ಸದಸ್ಯರ ಆಧಾರ್ ಪ್ರತಿ, ಖಾತೆ ಸಂಖ್ಯೆ ಇಟ್ಟುಕೊಂಡ ಸಂಘ, ಸುರಕ್ಷತೆಗೆ ತಕ್ಕ ಕ್ರಮ ಕೈಗೊಂಡಿದ್ದೆವು ಎಂದು ವಾದಿಸುವುದು ಕಷ್ಟ. ಎಎಸ್‌ಪಿ ಇದೆಯೇ ಪಿಎಚ್‌ಪಿ ಇದೆಯೇ ಎಂಬುದನ್ನು ಕಾನೂನು ಕೇಳುವುದಿಲ್ಲ.

ತೀರ ಹಣವಿಲ್ಲದ ಸಂಸ್ಥೆಗೂ ಒಂದು ನಡುದಾರಿ ಇದೆ. ಅದೇ ಎಎಸ್‌ಪಿ ಕೋಡನ್ನು ಬೆಂಬಲವಿರುವ ಸರ್ವರ್ ವಿಂಡೋಸ್‌ಗೆ ಒಯ್ದು, ಹೊರಗಿನ ಇಂಟರ್ನೆಟ್‌ನಿಂದ ಬೇರ್ಪಡಿಸಿ, ಎಸ್‌ಕ್ಯೂಎಲ್ ವಾಕ್ಯಗಳನ್ನಷ್ಟೇ ಸರಿಪಡಿಸಿಕೊಂಡರೆ ಕೆಲವು ವರ್ಷಗಳ ಕಾಲಾವಕಾಶ ಸಿಗುತ್ತದೆ. ಡೆವಲಪರ್‌ಗಳ ಕಣ್ಣಿಗೆ ಇದು ತೇಪೆಯ ಕೆಲಸ. ಹೌದು, ತೇಪೆಯೇ, ಆದರೆ ಅವಸರದಲ್ಲಿ ಕಟ್ಟಿದ ಹೊಸ ತಂತ್ರಾಂಶಕ್ಕಿಂತ ಇದೇ ವಾಸಿ.

ಎಎಸ್‌ಪಿಯಲ್ಲಿ ಒಂದು ಅನುಕೂಲವಿದೆ: ಓಡುವ ಕಡತವೇ ಮೂಲ ಕೋಡ್, ಅದು ಸರ್ವರಿನಲ್ಲೇ ಬಿದ್ದಿರುತ್ತದೆ, ಬರೆದವನು ಊರು ಬಿಟ್ಟರೂ ಅದು ಎಲ್ಲೂ ಹೋಗುವುದಿಲ್ಲ. ಆದರೆ ಆ ಕಾಲದ ಅನೇಕರು ಬಡ್ಡಿ, ಬಿಲ್ಲಿನಂಥ ಮುಖ್ಯ ಲೆಕ್ಕಗಳನ್ನು ಗುಟ್ಟಾಗಿಡಲೆಂದು ವಿಷುವಲ್ ಬೇಸಿಕ್ 6ರಲ್ಲಿ ಡಿಎಲ್‌ಎಲ್ ಮಾಡಿ, ಪುಟದಿಂದ ಸರ್ವರ್ ಕ್ರಿಯೇಟ್ ಆಬ್ಜೆಕ್ಟ್ ಎಂಬ ಆಜ್ಞೆಯಲ್ಲಿ ಅದನ್ನು ಕರೆಯುತ್ತಿದ್ದರು. ಅಂಥ ಡಿಎಲ್‌ಎಲ್‌ನಿಂದ ಮೂಲ ಕೋಡನ್ನು ಮರಳಿ ಪಡೆಯಲಾಗದು, ಅದನ್ನು ಬರೆಯುವ ಸಾಧನಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2008ರ ಏಪ್ರಿಲ್‌ನಲ್ಲಿ. ಹಾಗಾಗಿ ಸಂಸ್ಥೆಯೊಂದು ಯಾವ ಭಾಷೆಗೆ ಹೋಗಬೇಕೆಂದು ಸಭೆ ಸೇರಿ ಚರ್ಚಿಸುವ ಮೊದಲು, ತನ್ನ ಪುಟಗಳಲ್ಲಿ ಆ ಆಜ್ಞೆ ಎಲ್ಲೆಲ್ಲಿದೆ ಎಂದು ಹುಡುಕಿಸಿ, ಕರೆಯಲಾದ ಡಿಎಲ್‌ಎಲ್‌ಗಳ ಪಟ್ಟಿ ಮಾಡಿ, ಮೂಲ ಕೋಡ್ ಇರುವ ಸಿಡಿ ಹಳೆಯ ಕಪಾಟಿನಲ್ಲಿದೆಯೋ ಅಥವಾ ಬರೆದವರ ಬಳಿಯೇ ಉಳಿದಿದೆಯೋ ಎಂದು ವಿಚಾರಿಸಬೇಕಾಗುತ್ತದೆ.